‘ರಜೆ ಕೊಡಬೇಕು’ ಅಂದರೆ ಸಾಹೇಬರು ಯಾಕೆ ಸಿಟ್ಟಾದರು?

ಪ್ರಶ್ನೆ: ನನ್ನೂರು ಹಾನಗಲ್ಲ. ಕೆಲಸ ಶಿಗ್ಗಾಂವಿಯಲ್ಲಿ, ದಿನಾ ಬೈಕಿನ ಮೇಲೆ ಓಡಾಟ. ಹಿರೇಕೆರೂರಿನ ಅಕ್ಕನ ಮನೆಯಲ್ಲಿ ಮದುವೆ ಇತ್ತು. ಎರಡು ದಿನದ ರಜೆ ಕೇಳಿ ಮೇಲಧಿಕಾರಿಗೆ ‘ಯು ಮಸ್ಟ್ ಗಿವ್ ಮಿ ಲೀವ್’ ಎಂದು ಇಂಗ್ಲಿಷಿನಲ್ಲಿ ಬರೆದೆ. ‘ನನಗೇ ಆರ್ಡರ್ ಹಾಕ್ತೀಯಾ?’ ಎಂದು ಬೈಸಿಕೊಂಡೆ. ನನ್ನ ಹತ್ತಿರದ ಗೈಡಿನಲ್ಲಿ ‘ಮಸ್ಟ್’ ಅಂದರೆ ‘ಬೇಕು’ ಎಂದೇ ಇದೆ. ‘ಶುಡ್’, ‘ಹ್ಯಾವ್ ಟು’ ಅಂದರೂ ‘ಬೇಕು’. ‘ಕ್ಯಾನ್’ ಅಂದರೆ ‘ಬಹುದು’, ‘ಮೇ’ ಅಂದರೂ ‘ಬಹುದು’. ಸವಣೂರಿನಲ್ಲಿ ಕೋಚಿಂಗ್ ಹೇಳುವ ಗೆಳೆಯ, ‘ನೀ ಕನ್ನಡದಾಗ ವಿಚಾರ ಮಾಡೂದು ಬಿಡು, ಅಂದ್ರ ಇಂಗ್ಲಿಷ್ ಬರತೈತಿ’ ಅನ್ನುತ್ತಾನೆ. ಇದು ಖರೆಯೇ?

ಉತ್ತರ: ನಿಮ್ಮ ಗೆಳೆಯನ ಮಾತು ಒಪ್ಪುವಂಥದಲ್ಲ. ನೀವು ಕನ್ನಡದಲ್ಲಿ ವಿಚಾರ ಮಾಡಿದ್ದರಿಂದ ತಪ್ಪಾಗಲಿಲ್ಲ, ಗೈಡಿನ ಕನ್ನಡದಲ್ಲಿ ವಿಚಾರ ಮಾಡಿದ್ದರಿಂದ ತಪ್ಪಾಯಿತು. ಆ ಕೋಷ್ಟಕ ಬರೆದವರು ಕನ್ನಡದ ಒಂದು ಶಬ್ದವನ್ನು ಎಡಕ್ಕಿಟ್ಟು, ಇಂಗ್ಲಿಷಿನ ಒಂದು ಶಬ್ದವನ್ನು ಬಲಕ್ಕಿಟ್ಟು, ನಡುವೆ ಎರಡು ಗೆರೆ ಎಳೆದು ಕೈ ತೊಳೆದುಕೊಂಡರು. ಹಾನಗಲ್ಲ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹತ್ತು ನಿಮಿಷ ಜನರ ಮಾತು ಕೇಳಿದ್ದರೆ ‘ಬೇಕು’ ಎಂಬ ಒಂದು ಶಬ್ದಕ್ಕೆ ಎಷ್ಟು ಬಾಲ ಇವೆ ಎಂದು ಅವರಿಗೆ ತಿಳಿಯುತ್ತಿತ್ತು. ಆ ಬಾಲಗಳಲ್ಲೇ ‘ಮಸ್ಟ್’, ‘ಶುಡ್’ನಂಥ ಇಂಗ್ಲಿಷಿನ ಮೋಡಲ್ ಕ್ರಿಯಾಪದಗಳು ಅಡಗಿವೆ.

ಮೊದಲು ನಿಮ್ಮ ಅರ್ಜಿಯನ್ನೇ ತಗೊಳ್ಳೋಣ. ‘ದಯಮಾಡಿ ರಜೆ ಕೊಡಬೇಕು’ ಎಂದು ಕನ್ನಡದಲ್ಲಿ ಬರೆದರೆ ಅದು ನಮಸ್ಕಾರ ಮಾಡಿದಂತೆ. ಲಗ್ನಪತ್ರಿಕೆಯಲ್ಲೂ ‘ಆಗಮಿಸಿ ಆಶೀರ್ವದಿಸಬೇಕು’ ಎಂದೇ ಅಚ್ಚು ಹಾಕಿಸುತ್ತೇವೆ, ಯಾರೂ ಅದನ್ನು ಹುಕುಂ ಎಂದು ತಿಳಿಯುವುದಿಲ್ಲ. ನಮ್ಮ ‘ಬೇಕು’ ಹೇಳುವವನ ಬಯಕೆಯ ಮಾತು, ಬೇಡುವ ಕೈಗೂ ಅದು ಒಪ್ಪುತ್ತದೆ. ‘ಮಸ್ಟ್’ ಹಾಗಲ್ಲ. ಅದು ಕೇಳುವವನ ಕೊರಳಿಗೆ ಹಗ್ಗ ಹಾಕುತ್ತದೆ. ಹಾಗಂತ ‘ಮಸ್ಟ್’ ಯಾವಾಗಲೂ ಒರಟು ಅಂತಲ್ಲ. ಬೆಂಗಳೂರಿನಿಂದ ಬಂದ ನೆಂಟರಿಗೆ ‘ಯು ಮಸ್ಟ್ ಟ್ರೈ ಸವಣೂರು ಖಾರಾ’ ಎಂದರೆ ಅವರು ಖುಷಿಯಿಂದ ಕೈ ಚಾಚುತ್ತಾರೆ. ಅದೇ ಸಾಹೇಬರಿಗೆ ‘ಯು ಮಸ್ಟ್ ಕಮ್ ಫಾರ್ ದ ವೆಡ್ಡಿಂಗ್’ ಎಂದು ಬರೆದಿದ್ದರೆ ಅವರು ನಕ್ಕು ಪತ್ರಿಕೆ ಜೇಬಿಗಿಡುತ್ತಿದ್ದರು. ಎರಡಕ್ಕೂ ಇರುವ ಅಂತರ ಇಷ್ಟೇ: ಲಾಭ ಯಾರಿಗೆ? ಖಾರಾ ತಿನ್ನುವುದು, ಮದುವೆ ಊಟ ಮಾಡುವುದು ಕೇಳುವವರ ಸುಖಕ್ಕೆ. ಅಲ್ಲಿ ‘ಮಸ್ಟ್’ ಪ್ರೀತಿಯ ಒತ್ತಾಯ. ರಜೆಯ ಲಾಭ ನಿಮಗೆ. ಅಲ್ಲಿ ‘ಮಸ್ಟ್’ ಹಾಕಿದರೆ ದಬಾವಣೆ. ಈ ಒಂದು ಪ್ರಶ್ನೆ ಕೇಳಿಕೊಂಡರೆ ಗೈಡಿನ ಅರ್ಧ ಪುಟ ಉಳಿಯುತ್ತದೆ.

ಹಾಗಾದರೆ ರಜೆ ಹೇಗೆ ಕೇಳಬೇಕು? ಇದಕ್ಕೆ ನಿಮ್ಮ ತಾಲೂಕು ಕಚೇರಿಯ ಕಿಟಕಿಗೆ ಹೋಗೋಣ. ಹೊಲದ ಉತಾರ ತೆಗೆಸಲು ಬಂದ ರೈತ ಏನನ್ನುತ್ತಾನೆ? ‘ಒಂದ್ ಉತಾರ ಬೇಕಾಗಿತ್ರಿ.’ ಗಮನಿಸಿ: ‘ಬೇಕಾಗೇತಿ’ ಅಲ್ಲ, ‘ಬೇಕಾಗಿತ್ತು’. ಅವನಿಗೆ ಉತಾರ ನಿನ್ನೆ ಬೇಕಾಗಿತ್ತು, ಇವತ್ತು ಬೇಡ ಎಂದು ಅರ್ಥವೇ? ಅಲ್ಲ. ಈಗಲೇ ಬೇಕು. ಆದರೆ ಬೇಡಿಕೆಯನ್ನು ಭೂತಕಾಲಕ್ಕೆ ತಳ್ಳಿ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾನೆ. ಕಾಲದ ದೂರವನ್ನು ಮರ್ಯಾದೆಯ ದೂರ ಮಾಡಿಕೊಳ್ಳುತ್ತಾನೆ. ‘ಸಾಹೇಬ್ರನ್ನ ಭೆಟ್ಟಿ ಆಗಬೇಕಿತ್ರಿ’, ‘ನಿಮ್ಮಿಂದ ಒಂದ್ ಸಣ್ಣ ಕೆಲಸ ಆಗಬೇಕಿತ್ತು’, ‘ಎರಡ ದಿನ ಸೂಟಿ ಸಿಕ್ಕಿದ್ರ ಛಲೋ ಆಗತಿತ್ರಿ’ ಎಂಬ ಮಾತುಗಳೆಲ್ಲ ಇದೇ ಜಾತಿಯವು.

ಇಂಗ್ಲಿಷಿನವರು ಮಾಡುವುದೂ ಇದನ್ನೇ. ‘ಕುಡ್’ ಎಂಬುದು ‘ಕ್ಯಾನ್’ನ ಭೂತಕಾಲ, ‘ವುಡ್’ ಎಂಬುದು ‘ವಿಲ್’ನ ಭೂತಕಾಲ, ‘ಮೈಟ್’ ಎಂಬುದು ‘ಮೇ’ಯ ಭೂತಕಾಲ. ‘ಕುಡ್ ಯು ಪ್ಲೀಸ್ ಗ್ರಾಂಟ್ ಮಿ ಟೂ ಡೇಸ್ ಲೀವ್’ ಎಂದರೆ ನಡೆದುಹೋದ ಸಂಗತಿ ಅಲ್ಲ, ‘ಬೇಕಾಗಿತ್ರಿ’ ಎಂದು ಹಿಂದೆ ಸರಿದು ನಿಂತದ್ದು. ‘ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ಕುಡ್’ ಎಂದು ಬರೆದರೆ ಎರಡು ಹೆಜ್ಜೆ ಹಿಂದೆ. ‘ಭೂತಕಾಲದ ರೂಪ ವರ್ತಮಾನಕ್ಕೆ ಹೇಗೆ ಬರುತ್ತದೆ ಸರ್?’ ಎಂದು ತಲೆ ಕೆರೆದುಕೊಳ್ಳುವ ವಿದ್ಯಾರ್ಥಿಗಳಿಗೆ ಉತಾರದ ಕಿಟಕಿ ತೋರಿಸಿದರೆ ಸಾಕು. ಅವರ ಅಪ್ಪ ಅಲ್ಲೇ ನಿಂತಿರುತ್ತಾನೆ.

ಇನ್ನು ‘ಬೇಕು’ವಿನ ಉಳಿದ ಬಾಲಗಳು. ‘ನಾ ಹೋಗಬೇಕು’ ಅನ್ನುವುದಕ್ಕೂ ‘ನಾ ಹೋಗಬೇಕಾಗೇತಿ’ ಅನ್ನುವುದಕ್ಕೂ ನೀವು ಮನೆಯಲ್ಲಿ ಒಂದೇ ಅರ್ಥ ಮಾಡುತ್ತೀರಾ? ಮೊದಲನೆಯದರಲ್ಲಿ ನನ್ನ ಮನಸ್ಸಿದೆ. ಎರಡನೆಯದರಲ್ಲಿ ಯಾರೋ, ಯಾವುದೋ, ಹೊರಗಿನಿಂದ ತಳ್ಳುತ್ತಿದೆ: ಕೋರ್ಟಿನ ತಾರೀಖು, ಬ್ಯಾಂಕಿನ ನೋಟಿಸು, ಮಾವನ ಫೋನು. ಈ ಎರಡನೆಯದು ‘ಹ್ಯಾವ್ ಟು’. ‘ಮಸ್ಟ್’ ಮಾತಾಡುವವನ ಬಾಯಿಂದ ಹುಟ್ಟುವ ಒತ್ತಾಯ, ‘ಹ್ಯಾವ್ ಟು’ ಸನ್ನಿವೇಶದಿಂದ ಹುಟ್ಟುವ ಒತ್ತಾಯ. ಗಡಿ ಯಾವಾಗಲೂ ಇಷ್ಟು ನೇರ ಅಲ್ಲ, ಆದರೆ ಅರ್ಜಿ ಬರೆಯಲು ಇಷ್ಟು ಸಾಕು. ‘ಶುಡ್’ ಮಾತ್ರ ಹಿರಿಯರು ಕಟ್ಟೆಯ ಮೇಲೆ ಕೂತು ಹೇಳುವ ‘ಬೇಕಪಾ’: ‘ಸಾಲ ಮಾಡಿದ್ರ ತೀರಸಬೇಕಪಾ.’ ಕೇಳದಿದ್ದರೆ ಯಾರೂ ಜೈಲಿಗೆ ಹಾಕುವುದಿಲ್ಲ, ಮುಖ ಮಾತ್ರ ಸಣ್ಣದಾಗುತ್ತದೆ.

ಸಾಲ ಎಂದೆ ನೋಡಿ, ಅದು ಸುಮ್ಮನೆ ಬಂದ ಉದಾಹರಣೆ ಅಲ್ಲ. ‘ಶುಡ್’ನ ತಾಯಿ ‘ಶಲ್’. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ‘ಋಣ ಇದೆ, ಕೊಡುವುದಿದೆ’ ಎಂದೇ ಅರ್ಥವಿತ್ತು. ‘ಆಟ್ ಟು’ ಕೂಡ ‘ಓ’ ಎಂಬ, ಬಾಕಿ ಇರುವುದನ್ನು ಹೇಳುವ ಕ್ರಿಯಾಪದದ ಹಳೆಯ ಭೂತರೂಪ. ಕರ್ತವ್ಯ ಎಂದರೆ ತೀರಿಸಬೇಕಾದ ಬಾಕಿ ಎಂದು ಆ ಜನ ತಿಳಿದಿದ್ದರು. ‘ಮಸ್ಟ್’ನ ಕತೆ ಇನ್ನೂ ಮೋಜಿನದು: ಅದರ ಮೂಲ ಕ್ರಿಯಾಪದಕ್ಕೆ ‘ಅನುಮತಿ ಇದೆ’ ಎಂದಿತ್ತು. ‘ಮಾಡಬಹುದು’ ಅನ್ನುತ್ತ ಅನ್ನುತ್ತ ‘ಮಾಡಲೇಬೇಕು’ ಆಗಿಬಿಟ್ಟಿತು. ಮಾವನ ಮನೆಯಲ್ಲಿ ‘ಇನ್ನೊಂದು ಹೋಳಿಗೆ ತಿನ್ನಬಹುದು’ ಎಂದು ಶುರುವಾದದ್ದು ಎಲ್ಲಿಗೆ ಮುಟ್ಟುತ್ತದೆ ಎಂದು ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ಇರಲಿಕ್ಕಿಲ್ಲ.

ಕನ್ನಡದ ನಿಜವಾದ ಸಂಪತ್ತು ‘ಬೇಕು’ವಿನ ಭೂತಕಾಲದಲ್ಲಿದೆ. ‘ಹಿರೇಕೆರೂರಿಗೆ ಹೋಗಬೇಕಾತು’ ಎಂದರೆ ಹೋಗಿ ಬಂದಿರಿ, ಮನಸ್ಸಿಲ್ಲದಿದ್ದರೂ ಹೋದಿರಿ. ‘ಹಿರೇಕೆರೂರಿಗೆ ಹೋಗಬೇಕಿತ್ತು’ ಎಂದು ನಿಟ್ಟುಸಿರು ಬಿಟ್ಟರೆ ಹೋಗಲಿಲ್ಲ, ಮದುವೆ ಮುಗಿದುಹೋಯಿತು, ಅಕ್ಕ ಮಾತು ಬಿಟ್ಟಿದ್ದಾಳೆ. ಒಂದು ‘ಆತು’, ಒಂದು ‘ಇತ್ತು’. ಇಷ್ಟರಲ್ಲಿ ಹೋದದ್ದು, ಹೋಗದಿದ್ದದ್ದು ಎರಡೂ ಸ್ಪಷ್ಟ. ಇಂಗ್ಲಿಷಿನಲ್ಲಿ ‘ಹೋಗಬೇಕಾತು’ಗೆ ‘ಐ ಹ್ಯಾಡ್ ಟು ಗೋ’, ‘ಹೋಗಬೇಕಿತ್ತು’ಗೆ ‘ಐ ಶುಡ್ ಹ್ಯಾವ್ ಗಾನ್’. ‘ಮಸ್ಟ್’ ಸ್ವತಃ ಹಳೆಯ ಭೂತರೂಪವಾದ್ದರಿಂದ ಅದಕ್ಕೆ ಇನ್ನೊಂದು ಭೂತರೂಪ ಇಲ್ಲ. ಅದಕ್ಕೇ ‘ಹ್ಯಾಡ್ ಟು’ ಎರವಲು ತರಬೇಕು. ‘ಮಸ್ಟ್ ಹ್ಯಾವ್ ಗಾನ್’ ಎಂದರೆ ಬೇರೆಯೇ ಮಾತು: ‘ಅಂವ ಇಷ್ಟೊತ್ತಿಗೆ ಹೋಗಿರಬೇಕು’ ಎಂಬ ಅಂದಾಜು. ಅಲ್ಲಿ ನಮ್ಮ ‘ಬೇಕು’, ಅವರ ‘ಮಸ್ಟ್’ ಎರಡೂ ಅಣ್ಣತಮ್ಮಂದಿರಂತೆ ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತವೆ. ಸ್ವಲ್ಪ ಎಚ್ಚರ ಇರಲಿ: ನಮ್ಮ ‘ಇರಬೇಕು’ ಮೆತ್ತಗಿನ ಅಂದಾಜು, ಅವರ ‘ಮಸ್ಟ್ ಬಿ’ ಸಾಕ್ಷಿ ನೋಡಿ ಹೇಳಿದ ಗಟ್ಟಿ ಅಂದಾಜು.

ಇಲ್ಲ ಅನ್ನುವಲ್ಲಿಯೂ ನಿಮ್ಮ ನಾಲಗೆಗೆ ಆಗಲೇ ಗೊತ್ತಿರುವ ಭೇದವನ್ನು ಗೈಡು ಮುಚ್ಚಿಡುತ್ತದೆ. ‘ಬರಬಾರದು’ ಬೇರೆ, ‘ಬರಬೇಕಾಗಿಲ್ಲ’ ಬೇರೆ. ಮೊದಲನೆಯದು ‘ಮಸ್ಟ್ ನಾಟ್’, ಬಾಗಿಲು ಮುಚ್ಚಿದೆ. ಎರಡನೆಯದು ‘ನೀಡ್ ನಾಟ್’ ಅಥವಾ ‘ಡೋಂಟ್ ಹ್ಯಾವ್ ಟು’, ಬಾಗಿಲು ತೆರೆದೇ ಇದೆ, ಬಂದರೂ ಸೈ, ಬಿಟ್ಟರೂ ಸೈ. ಜರ್ಮನ್ನರು ಇಂಗ್ಲಿಷ್ ಕಲಿಯುವಾಗ ಇಲ್ಲಿ ತಪ್ಪದೆ ಎಡವುತ್ತಾರೆ. ಅವರ ಭಾಷೆಯಲ್ಲಿ ‘ಮಸ್ಟ್ ನಾಟ್’ನಂತೆ ಕೇಳುವ ಮಾತಿಗೆ ‘ಬೇಕಾಗಿಲ್ಲ’ ಎಂಬ ಅರ್ಥ. ಹಾನಗಲ್ಲಿನವರು ಎಡವಬೇಕಾದ ಕಾರಣವೇ ಇಲ್ಲ.

ಈಗ ‘ಬಹುದು’. ಇದರ ಹುಟ್ಟು ಗೊತ್ತಾದರೆ ನಿಮಗೆ ಖುಷಿಯಾದೀತು. ‘ಬಹುದು’ ಎಂದರೆ ಹಳೆಯ ಕನ್ನಡದಲ್ಲಿ ಸರಳವಾಗಿ ‘ಬರುವುದು’. ಅದರ ಇಲ್ಲವಾಚಿ ‘ಬಾರದು’, ಅಂದರೆ ಬರುವುದಿಲ್ಲ. ‘ಮಾಡಬಹುದು’, ‘ಮಾಡಬಾರದು’ ಎಂಬ ಅನುಮತಿ ಮತ್ತು ನಿಷೇಧದ ಜೋಡಿ ನಿಂತಿರುವುದು ‘ಬರು’ ಎಂಬ ನಿತ್ಯದ ಕ್ರಿಯಾಪದದ ಮೇಲೆ. ‘ನನಗೆ ಇಂಗ್ಲಿಷ್ ಬಾರದು’ ಎನ್ನುವಾಗ ಆ ಹಳೆಯ ಅರ್ಥ ಇನ್ನೂ ಉಸಿರಾಡುತ್ತಿದೆ. ನಿಮ್ಮ ಕಡೆಯ ‘ಈಜಾಕ ಬರತೈತಿ’, ‘ಓದಾಕ ಬರತೈತಿ’ ಎಂಬ ಮಾತಿನಲ್ಲೂ ಅದೇ ‘ಬರು’. ಕಲಿತದ್ದು ನಮ್ಮ ಬಳಿಗೆ ತಾನಾಗಿ ನಡೆದು ಬಂದಂತೆ.

ಇಂಗ್ಲಿಷಿನ ‘ಕ್ಯಾನ್’ ಬೇರೆ ದಾರಿಯಿಂದ ಬಂತು. ಅದರ ಮೂಲ ಅರ್ಥ ‘ತಿಳಿದಿದೆ’. ‘ನೋ’ ಎಂಬ, ತಿಳಿವಿನ ಕ್ರಿಯಾಪದವೂ ಅದೇ ಬೇರಿನದು. ನಮ್ಮ ‘ಬಲ್ಲ’ ಕೂಡ ಹೀಗೆಯೇ, ತಿಳಿದವನೂ ಬಲ್ಲ, ಮಾಡುವ ಶಕ್ತಿ ಇದ್ದವನೂ ಬಲ್ಲ. ತಮಾಷೆ ಏನೆಂದರೆ ‘ಕ್ಯಾನ್’ನ ಆ ಬೇರು ಸಂಸ್ಕೃತದ ‘ಜ್ಞಾ’ ಧಾತುವಿನದೂ ಹೌದು. ಅಂದ ಮೇಲೆ ನಿಮ್ಮ ಅಕ್ಕನ ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳು ತಮ್ಮವನೆಂದು ಹೇಳಿಕೊಳ್ಳುವ ಸರ್ವಜ್ಞನ ಹೆಸರಿನ ಕೊನೆಯ ಅಕ್ಷರಕ್ಕೂ ಲಂಡನ್ನಿನವರ ‘ಕ್ಯಾನ್’ಗೂ ಬಳಗ ಇದೆ. ತ್ರಿಪದಿಯವನಿಗೆ ಇದನ್ನು ಹೇಳಿದ್ದರೆ ಅವನು ಇದರ ಮೇಲೂ ಮೂರು ಸಾಲು ಬಿಗಿಯುತ್ತಿದ್ದನೇನೋ.

ಬಳಕೆಗೆ ಬರೋಣ. ಈಜಲು ಬರುತ್ತದೆ ಎಂಬ ಸಾಮರ್ಥ್ಯಕ್ಕೆ ‘ಕ್ಯಾನ್’. ಒಳಗೆ ಬರಬಹುದೇ ಎಂಬ ಅನುಮತಿಗೆ ‘ಮೇ’, ಸಲಿಗೆ ಇದ್ದರೆ ‘ಕ್ಯಾನ್’ ನಡೆಯುತ್ತದೆ. ನಾವೆಲ್ಲ ಶಾಲೆಯಲ್ಲಿ ‘ಮೇಐಕಮಿನ್ಸರ್’ ಎಂಬುದನ್ನು ಒಂದೇ ಶಬ್ದ ಎಂದು ತಿಳಿದು ಒಂದೇ ಉಸಿರಿಗೆ ಒದರುತ್ತಿದ್ದೆವು. ಅದರೊಳಗೆ ಒಂದು ಮೋಡಲ್ ಇದೆ ಎಂದು ನನಗೆ ತಿಳಿದದ್ದು ಕಾಲೇಜು ಮುಟ್ಟಿದ ಮೇಲೆ. ಇನ್ನು ಇವತ್ತು ಮಳೆ ಬರಬಹುದು ಎಂಬ ಸಂಭವಕ್ಕೆ ‘ಮೇ’ ಅಥವಾ ‘ಮೈಟ್’. ಇಲ್ಲಿ ‘ಇಟ್ ಕ್ಯಾನ್ ರೇನ್ ಟುಡೇ’ ಎಂದು ಬರೆಯುವವರು ನಮ್ಮಲ್ಲಿ ಬಹಳ. ‘ಬಹುದು ಅಂದರೆ ಕ್ಯಾನ್’ ಎಂಬ ಆ ಕೋಷ್ಟಕವೇ ಇದಕ್ಕೂ ಕಾರಣ.

‘ಮೇ’ಗೂ ‘ಮೈಟ್’ಗೂ ಏನು ಫರಕು ಎಂದು ಕೇಳುತ್ತೀರಿ. ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಎಂದು ಕಂಠಪಾಠ ಮಾಡಿದ್ದು ನೆನಪಿದೆಯೇ? ಮಾಡಿಯಾನು, ತಿಂದಾನು, ಬಂದೀತು. ಎರಡು ಮಾರ್ಕಿಗೆ ಓದಿ ಮರೆತ ಆ ಸಂಭಾವನಾರ್ಥವೇ ‘ಮೈಟ್’ಗೆ ಬಲು ಹತ್ತಿರ. ‘ಮಳಿ ಬರಬಹುದು’ ಎಂದರೆ ಕೊಡೆ ಹಿಡಿಯುವುದು ಒಳ್ಳೆಯದು. ‘ಮಳಿ ಬಂದೀತು’ ಎಂದರೆ ಮೋಡ ಇದೆ, ನಂಬಿಕೆ ಕಡಿಮೆ. ಎಮ್ಮೆ ಕಟ್ಟಿದಲ್ಲಿ ಆಡುವ ಮಗುವಿಗೆ ಅಜ್ಜಿ ‘ಹಾದೀತು, ಈ ಕಡೆ ಬಾ’ ಅನ್ನುತ್ತಾಳಲ್ಲ, ಅದು ಅಚ್ಚ ‘ಮೈಟ್’. ಪಟ್ಟಣದ ಕನ್ನಡದಿಂದ ಈ ರೂಪ ನಿಧಾನಕ್ಕೆ ಮಾಯವಾಗುತ್ತಿದೆ. ನಿಮ್ಮ ಅಜ್ಜಿಯ ಬಾಯಲ್ಲಿ ಇನ್ನೂ ಇದ್ದರೆ ಆಕೆಯೇ ನಿಮಗೆ ಗೈಡು.

‘ಕುಡ್’ ವಿಷಯದಲ್ಲಿ ಒಂದು ತಪ್ಪು ಓದಿದವರೂ ಮಾಡುತ್ತಾರೆ. ‘ನಿನ್ನೆ ಸಾಹೇಬರನ್ನು ಭೇಟಿಯಾಗಲು ಸಾಧ್ಯವಾಯಿತು’ ಎನ್ನಲು ‘ಐ ಕುಡ್ ಮೀಟ್ ಹಿಮ್ ಯೆಸ್ಟರ್‌ಡೇ’ ಎಂದು ಬರೆಯುತ್ತಾರೆ. ನಿಮ್ಮೂರ ಮಾತಿನಲ್ಲಿ ಹೇಳಿ ನೋಡಿ. ‘ಸಣ್ಣಾಂವ ಇದ್ದಾಗ ನನಗ ಈಜಾಕ ಬರತಿತ್ತು’: ಇದು ಆಗಿನ ಕಾಲದಲ್ಲಿ ಕೈವಶವಾಗಿದ್ದ ವಿದ್ಯೆ, ಇದಕ್ಕೆ ‘ಕುಡ್’. ‘ನಿನ್ನೆ ಭೆಟ್ಟಿ ಆಗಾಕ ಆತು’: ಇದು ಒಂದು ಸಲ, ಒಂದು ದಿನ, ಕಷ್ಟಪಟ್ಟು ಗಿಟ್ಟಿಸಿದ್ದು, ಇದಕ್ಕೆ ‘ವಾಸ್ ಏಬಲ್ ಟು’. ‘ಬರತಿತ್ತು’ ಬಂದಲ್ಲಿ ‘ಕುಡ್’, ‘ಆತು’ ಬಂದಲ್ಲಿ ‘ಏಬಲ್’. ಆಗಲಿಲ್ಲ ಎನ್ನುವಾಗ ಮಾತ್ರ ಈ ತಕರಾರು ಇಲ್ಲ, ಎರಡಕ್ಕೂ ‘ಕುಡ್ ನಾಟ್’ ನಡೆಯುತ್ತದೆ. ‘ಬರಬಹುದಿತ್ತು, ಬರಲಿಲ್ಲ’ ಎಂಬ ಕೊರಗಿಗೆ ‘ಕುಡ್ ಹ್ಯಾವ್ ಕಮ್’.

‘ಶೀ ಮಸ್ಟ್ಸ್’, ‘ಹಿ ಕ್ಯಾನ್ಸ್’ ಎಂದು ಯಾಕೆ ಇಲ್ಲ ಎಂಬುದು ನೀವು ಕೇಳದ ಪ್ರಶ್ನೆ, ಆದರೂ ಹೇಳಿಬಿಡುತ್ತೇನೆ. ‘ಕ್ಯಾನ್’, ‘ಮೇ’, ‘ಶಲ್’, ‘ಮಸ್ಟ್’ ಇವೆಲ್ಲ ಒಂದು ಕಾಲಕ್ಕೆ ಭೂತರೂಪಗಳಾಗಿದ್ದು ಆಮೇಲೆ ವರ್ತಮಾನಕ್ಕೆ ದತ್ತು ಬಂದವು. ಭೂತರೂಪಕ್ಕೆ ಆ ‘ಸ್’ ಬಾಲ ಇರಲಿಲ್ಲ, ಇವಕ್ಕೂ ಬರಲಿಲ್ಲ. ನಮ್ಮಲ್ಲಿ ನೋಡಿ: ನಾನು ಹೋಗಬೇಕು, ನೀನು ಹೋಗಬೇಕು, ಅವಳು ಹೋಗಬೇಕು, ಅವು ಹೋಗಬೇಕು. ಪ್ರತಿ ಕ್ರಿಯಾಪದಕ್ಕೂ ಲಿಂಗ ವಚನದ ಬಾಲ ಹಚ್ಚುವ ಕನ್ನಡ ‘ಬೇಕು, ಬೇಡ, ಬಹುದು, ಬಾರದು, ಕೂಡದು’ಗಳ ಮುಂದೆ ಮಾತ್ರ ಸುಮ್ಮನಾಗುತ್ತದೆ. ‘ಬೇಕಾಳೆ’ ಎಂದು ಯಾರೂ ಅನ್ನುವುದಿಲ್ಲ. ‘ಮಸ್ಟ್ಸ್’ ಕಿವಿಗೆ ಹೇಗೆ ಕೇಳುತ್ತದೆ ಎಂದರೆ ‘ಬೇಕಾಳೆ’ ಕೇಳಿದ ಹಾಗೆ.

‘ಶಲ್’ ಈಗ ಕಾಯ್ದೆಯ ಕಾಗದದಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿದೆ. ನಮ್ಮ ಸರ್ಕಾರಿ ಕನ್ನಡದ ‘ಹಾಜರಾಗತಕ್ಕದ್ದು’, ‘ಪಾವತಿಸತಕ್ಕದ್ದು’ ಅದರ ಜೋಡಿ. ಆಡುಮಾತಿನಲ್ಲಿ ಯಾರಾದರೂ ‘ಊಟಕ್ಕೆ ಬರತಕ್ಕದ್ದು’ ಎಂದರೆ ನಗು ಬರುವುದಿಲ್ಲವೇ, ಅದೇ ಗತಿ ‘ಯು ಶಲ್ ಕಮ್’ ಎಂದರೂ.

ನಿಮ್ಮ ಗೆಳೆಯ ಸವಣೂರಿನಲ್ಲಿ ಕೂತು ‘ಕನ್ನಡದಾಗ ವಿಚಾರ ಮಾಡೂದು ಬಿಡು’ ಅನ್ನುವುದು ಕೇಳಿ ನನಗೆ ಸ್ವಲ್ಪ ನಗುವೇ ಬಂತು. ಅದೇ ಸವಣೂರಿನಲ್ಲಿ 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದರು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ ಬಂದರು, ಹೈದರಾಬಾದಿನಲ್ಲಿ ಇಂಗ್ಲಿಷ್ ಕಲಿಸುವವರಿಗೇ ಕಲಿಸುವ ಕೇಂದ್ರೀಯ ಸಂಸ್ಥೆಯ ನಿರ್ದೇಶಕರಾದರು, ಕನ್ನಡದಲ್ಲಿ ಬರೆದು ಜ್ಞಾನಪೀಠ ಪಡೆದರು. ಸವಣೂರು ತಾಲೂಕಿನ ಹತ್ತಿಮತ್ತೂರಿನಲ್ಲಿ 1939ರಲ್ಲಿ ಹುಟ್ಟಿದ ಚಂದ್ರಶೇಖರ ಪಾಟೀಲರು, ನಮ್ಮೆಲ್ಲರ ಚಂಪಾ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಭಾಷಾವಿಜ್ಞಾನ ಓದಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಹೇಳಿದರು, ಗೋಕಾಕ್ ಚಳವಳಿಯಲ್ಲಿ ಮುಂದೆ ನಿಂತರು. ಚಂಪಾ ಅವರ ವ್ಯಂಗ್ಯ ಅಷ್ಟು ಚುರುಕಾಗಿದ್ದದ್ದು ಧಾರವಾಡ ಸೀಮೆಯ ಆಡುಮಾತಿನ ಖಾರದಿಂದ. ಒಂದು ತಾಲೂಕಿನಿಂದ ಇಬ್ಬರು. ಇಬ್ಬರಿಗೂ ಇಂಗ್ಲಿಷ್ ಕಲಿಯಲು ಕನ್ನಡ ಅಡ್ಡ ಬಂದ ಹಾಗೆ ಕಾಣಲಿಲ್ಲ.

ಸವಣೂರಿನ ಮಾತು ಬಂತು, ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ನವಾಬರ ಊರಾಗಿದ್ದ ಅಲ್ಲಿನ ದಖನಿ ಉರ್ದುವಿನಲ್ಲಿ ಬೇಕು ಅನ್ನಲು ‘ಹೋನಾ’, ಬೇಡ ಅನ್ನಲು ‘ನಕ್ಕೋ’. ಉತ್ತರದ ಉರ್ದುವಿನವರು ‘ಚಾಹಿಯೆ’, ‘ಮತ್’ ಎಂದು ಹೆಣಗುವಲ್ಲಿ ದಖನಿಯವರು ಮರಾಠಿಯಿಂದ ‘ನಕ್ಕೋ’ ಎತ್ತಿಕೊಂಡು ನಮ್ಮ ‘ಬ್ಯಾಡ’ದ ಪಕ್ಕದಲ್ಲಿ ಕೂರಿಸಿದರು. ‘ಬ್ಯಾಡ’ ಎಂಬ ಒಂದೇ ಶಬ್ದದಲ್ಲಿ ತಟ್ಟೆ ದೂರ ಸರಿಸುವ ಈ ಸುಖ ಇಂಗ್ಲಿಷಿಗಿಲ್ಲ. ಅವರು ‘ನೋ, ಥ್ಯಾಂಕ್ಯೂ’ ಎಂದು ಸುತ್ತಿ ಬಳಸಿ ಹೇಳಬೇಕು.

ಆದರೆ ‘ಒಲ್ಲೆ’ಗೆ ಅವರಲ್ಲಿ ಸರಿಯಾದ ಜೊತೆ ಇದೆ. ‘ವಿಲ್’ ಎಂದರೆ ಮೂಲದಲ್ಲಿ ‘ಬಯಸು’. ಭವಿಷ್ಯಕಾಲ ಆಮೇಲೆ ಬಂದದ್ದು. ಹಾಗಾಗಿ ‘ವೋಂಟ್’ನಲ್ಲಿ ಈಗಲೂ ‘ಮನಸ್ಸಿಲ್ಲ’ ಎಂಬ ಹಠ ಉಳಿದಿದೆ. ‘ಹಿ ವೋಂಟ್ ಲಿಸನ್’ ಎಂದರೆ ನಾಳೆ ಕೇಳುವುದಿಲ್ಲ ಎಂಬ ಭವಿಷ್ಯ ಅಲ್ಲ, ಈಗಲೇ ‘ಅಂವ ಕೇಳವಲ್ಲ’. ಆ ‘ವಲ್ಲ’ ನಿಮ್ಮ ‘ಒಲ್ಲ’ವೇ, ಬೇರೆ ಕ್ರಿಯಾಪದದ ಬೆನ್ನು ಹತ್ತಿ ಕೂತಿದೆ. ಮನುಷ್ಯರಿಗೆ ಮಾತ್ರ ಅಲ್ಲ, ಜೀವ ಇಲ್ಲದ್ದಕ್ಕೂ ಎರಡೂ ಭಾಷೆ ಈ ಹಠವನ್ನು ಹಚ್ಚುತ್ತವೆ. ಕೀಲಿ ತೆರೆಯವಲ್ದು: ‘ದ ಲಾಕ್ ವೋಂಟ್ ಓಪನ್’. ಭತ್ತದ ಗದ್ದೆ ಹದ ಮಾಡಿ ಆಕಾಶ ನೋಡುತ್ತ ನಿಂತ ಹಾನಗಲ್ಲಿನ ರೈತ ‘ಮಳಿ ಬರವಲ್ದು’ ಅನ್ನುತ್ತಾನಲ್ಲ, ಪುಸ್ತಕದ ‘ಮಳೆ ಬರುತ್ತಿಲ್ಲ’ದಲ್ಲಿ ಆ ಮಳೆಯ ಮೊಂಡುತನ ಎಲ್ಲಿದೆ? ಇಂಗ್ಲಿಷಿಗೆ ತರುವಾಗಲೂ ‘ಇಟ್ ಈಸ್ ನಾಟ್ ರೇನಿಂಗ್’ ಎಂದರೆ ಬರೀ ಹವಾಮಾನ ವರದಿ. ‘ದ ರೇನ್ ಜಸ್ಟ್ ವೋಂಟ್ ಕಮ್’ ಎಂದರೆ ರೈತನ ಮಾತು.

ಹಾಗಾಗಿ ಮುಂದೊಂದು ದಿನ ಶಿಗ್ಗಾಂವಿ ಹಾದಿಯಲ್ಲಿ ಬೈಕು ಕೈಕೊಟ್ಟು, ಎಷ್ಟು ಕಿಕ್ ಹೊಡೆದರೂ ‘ಚಾಲೂ ಆಗವಲ್ದು’ ಎಂದು ಬೆವರು ಒರೆಸಿಕೊಳ್ಳುತ್ತ ನಿಂತಾಗ ಮೇಲಧಿಕಾರಿಗೆ ಹೀಗೆ ಮೆಸೇಜು ಹಾಕಿ: ‘ಮೈ ಬೈಕ್ ವೋಂಟ್ ಸ್ಟಾರ್ಟ್. ಐ ಮೇ ಬಿ ಲೇಟ್. ಕುಡ್ ಯು ಪ್ಲೀಸ್ ಎಕ್ಸ್‌ಕ್ಯೂಸ್ ಮಿ?’ ಮೂರು ವಾಕ್ಯ, ಮೂರು ಮೋಡಲ್. ‘ಮಸ್ಟ್’ ಬೇಕಾಗಿಲ್ಲ.